ಲಿಂಗೈಕ್ಯರಿಗೆ ಗಯೆಯ ಪಿಂಡವೇಕೆ?



ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯೊಂದರಿಂದ ನಮ್ಮ ಅನುಭಾವ ಗೋಷ್ಠಿಗೆ ತಪ್ಪದೆ ಬರುವ ಹಿರಿಯ ರೈತರೊಬ್ಬರು ಈಚೆಗೆ ತೀರ್ಥಯಾತ್ರೆ ಮುಗಿಸಿ ಬಂದರು. ಚೆಂಡುಹೂವು, ಅರಿಸಿನ ಬೆಳೆಯುವ ಒಕ್ಕಲು. ಇರುವುದು ಎರಡೆಕರೆ ಮಳೆಯಾಶ್ರಯದ ಭೂಮಿ. ಕೈಯಲ್ಲಿ ಗಂಗಾಜಲ ತುಂಬಿದ ಗಿಂಡಿಯಿತ್ತು; ಮುಖದಲ್ಲಿ ಯಾತ್ರೆ ಮಾಡಿದವರ ಪ್ರಸನ್ನತೆ ಇರಲಿಲ್ಲ. ಪತ್ನಿಯ ಬಳೆಗಳನ್ನು ಒತ್ತೆಯಿಟ್ಟು ಹಣ ಹೊಂದಿಸಿ ಕಾಶಿ, ಪ್ರಯಾಗ, ಗಯೆ ಮೂರನ್ನೂ ನೋಡಿ ಬಂದಿದ್ದರು. "ಗಯೆಯಲ್ಲಿ ಅವ್ವನಿಗೆ ಪಿಂಡ ಇಟ್ಟು ಬಂದೆ, ಬುದ್ಧಿ. ಇಟ್ಟ ಮೇಲೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ" ಎಂದರು.

ಏಕೆ ಆಗಲಿಲ್ಲವೆಂದು ಕೇಳಿದಾಗ ನಡೆದುದನ್ನು ವಿವರಿಸಿದರು. ಅಲ್ಲಿಯ ಪುರೋಹಿತರು ಮೊದಲು ಅಸ್ಥಿ ತಂದಿರುವಿರಾ ಎಂದು ಕೇಳಿದರಂತೆ. ನಮ್ಮಲ್ಲಿ ಸುಡುವುದಿಲ್ಲ, ಸಮಾಧಿ ಮಾಡುತ್ತೇವೆ ಎಂದು ಇವರು ಹೇಳಿದರು. ಅನಂತರ ಗೋತ್ರ ಯಾವುದೆಂಬ ಪ್ರಶ್ನೆ ಬಂದಿತು. ಇವರಿಗೆ ತಿಳಿಯದು. ತಿಳಿಯದವರಿಗೆಲ್ಲ ಕಾಶ್ಯಪ ಗೋತ್ರವೆಂದು ಹೇಳಿಸುವುದು ಅಲ್ಲಿಯ ರೂಢಿ, ಹಾಗೆಯೇ ಹೇಳಿಸಿದರು. ಎಂಬತ್ತು ವರ್ಷ ಕೊರಳಲ್ಲಿ ಇಷ್ಟಲಿಂಗ ಧರಿಸಿ, ವಿಭೂತಿಯಿಲ್ಲದೆ ತುತ್ತೆತ್ತದೆ ಬಾಳಿದ ತಾಯಿ ಒಂದು ಕ್ಷಣದಲ್ಲಿ ಕಾಶ್ಯಪ ಗೋತ್ರದ ಪ್ರೇತವಾಗಿಹೋದಳು. "ಪ್ರೇತ ಎನ್ನುವ ಮಾತು ಕಿವಿಗೆ ಬಿತ್ತು ಬುದ್ಧಿ, ಅಲ್ಲಿಂದ ನನ್ನ ಮನಸ್ಸು ಕೆಟ್ಟಿತು" ಎಂದು ಆ ಹಿರಿಯರು ಕಣ್ಣೊರೆಸಿಕೊಂಡರು.

ಬಂಧುಗಳೇ, ಆ ಕಣ್ಣೀರಿಗೆ ಉತ್ತರಿಸುವ ಹೊಣೆ ನಮ್ಮದು. ಇಂದು ನಮ್ಮ ಸೀಮೆಯಿಂದ ಕಾಶಿ-ಗಯೆಗೆ ಹೋಗುವ ಪ್ರವಾಸದ ಬಸ್ಸುಗಳಲ್ಲಿ ಇಷ್ಟಲಿಂಗಧಾರಿಗಳು ಕಡಿಮೆಯೇನಿಲ್ಲ. 2022ರಲ್ಲಿ ಕರ್ನಾಟಕ ಸರ್ಕಾರ ಕಾಶಿ ಯಾತ್ರಿಕರಿಗೆ ತಲಾ 5,000 ರೂಪಾಯಿ ಸಹಾಯಧನ ನೀಡತೊಡಗಿತು; ಅದೇ ವರ್ಷದ ನವೆಂಬರಿನಲ್ಲಿ ಭಾರತ್ ಗೌರವ್ ಕಾಶಿ ದರ್ಶನ ರೈಲು ಹೊರಟಿತು. ಹೋಗುವವರು ಹೋಗಲಿ, ನಾಡನ್ನು ನೋಡಲಿ. ಆದರೆ ಲಿಂಗೈಕ್ಯರಾದ ತಂದೆತಾಯಿಗಳ ಹೆಸರಿನಲ್ಲಿ ಗಯೆಯ ಫಲ್ಗುವಿನ ಮರಳಿನಲ್ಲಿ ಪಿಂಡವಿಡುವುದು ಶರಣಧರ್ಮವಲ್ಲ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ.

ಗಯೆಯ ಶ್ರದ್ಧೆಯನ್ನು ನಾವು ಹೀಗಳೆಯುತ್ತಿಲ್ಲ. ಅಲ್ಲಿಯ ವಿಷ್ಣುಪಾದ ದೇವಾಲಯವನ್ನು 1787ರಲ್ಲಿ ಅಹಲ್ಯಾಬಾಯಿ ಹೋಳ್ಕರರು ಪುನರ್ನಿರ್ಮಿಸಿದರು. ಭಾದ್ರಪದದ ಪಿತೃಪಕ್ಷದಲ್ಲಿ ಲಕ್ಷಾಂತರ ಜನ ಅಲ್ಲಿ ಸೇರುತ್ತಾರೆ. ಗಯಾವಾಳ ಪಂಡರ ಬಳಿ ಮನೆತನಗಳ ಹೆಸರು ತಲೆಮಾರುಗಳಿಂದ ಬರೆದಿಟ್ಟ ಬಹಿಗಳಿವೆ. ಬೇಸಗೆಯಲ್ಲಿ ಬರಿಯ ಮರಳಾಗಿ ಬಿದ್ದಿರುತ್ತಿದ್ದ ಫಲ್ಗುವಿಗೆ 2022ರಲ್ಲಿ ರಬ್ಬರಿನ ಅಣೆಕಟ್ಟೆ ಕಟ್ಟಿ ಯಾತ್ರಿಕರಿಗಾಗಿ ನೀರು ನಿಲ್ಲಿಸಿದರು. 2025ರಲ್ಲಿ ಬಿಹಾರ ಸರ್ಕಾರ ನಗರದ ಹೆಸರನ್ನೇ ಗಯಾಜಿ ಎಂದು ಬದಲಿಸಿತು. ದೇಹವನ್ನು ಸುಟ್ಟು, ಅಸ್ಥಿಯನ್ನು ಹೊಳೆಯಲ್ಲಿ ಬಿಟ್ಟು, ಅಗಲಿದವನು ಇನ್ನೂ ದಾರಿಯಲ್ಲಿದ್ದಾನೆ, ಅವನಿಗೆ ಹಸಿವು ಇದೆ ಎಂದು ನಂಬುವವರಿಗೆ ಆ ಕ್ರಿಯೆ ಅರ್ಥಪೂರ್ಣ. ಅವರ ನಂಬಿಕೆ ಅವರದು.

ನಮ್ಮ ನಂಬಿಕೆ ಯಾವುದು? ಗುರುವು ದೀಕ್ಷೆಯಲ್ಲಿ ಕರಸ್ಥಲಕ್ಕೆ ಲಿಂಗವನ್ನು ಕೊಟ್ಟ ದಿನವೇ ಭಕ್ತನಿಗೆ ಎರಡನೆಯ ಹುಟ್ಟು. ಅಂದಿನಿಂದ ಅವನು ಗುರುಕರಜಾತ. ನಮ್ಮಲ್ಲಿಯೂ ಗೋತ್ರ-ಸೂತ್ರ ಹೇಳುವ ಪರಂಪರೆಗಳುಂಟು. ಆದರೆ ಶರಣರು ಭಕ್ತನನ್ನು ಗುರುತಿಸಿದುದು ಆಚಾರದಿಂದಲೇ ಹೊರತು ಗೋತ್ರದಿಂದಲ್ಲ. ಪ್ರಾಣ ಹೋದಾಗ ನಾವು ದೇಹವನ್ನು ಸುಡುವುದಿಲ್ಲ. ಕುಳಿತ ಭಂಗಿಯಲ್ಲಿ, ಇಷ್ಟಲಿಂಗಸಹಿತವಾಗಿ, ವಿಭೂತಿ ಬಿಲ್ವಪತ್ರೆಗಳೊಡನೆ ಮಣ್ಣಿಗೆ ಒಪ್ಪಿಸುತ್ತೇವೆ. ಸತ್ತರು ಎನ್ನುವುದಿಲ್ಲ, ಲಿಂಗೈಕ್ಯರಾದರು ಎನ್ನುತ್ತೇವೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳಲ್ಲಿ ಮರಣಸೂತಕವನ್ನೂ ಶರಣರು ನಿರಾಕರಿಸಿದರು. ಲಿಂಗದೊಡನೆ ಐಕ್ಯವಾದವನಿಗೆ ಇನ್ನು ದಾರಿಯೆಲ್ಲಿ, ಹಸಿವೆಲ್ಲಿ? ಐಕ್ಯವಾದನೆಂದು ಊರಿನಲ್ಲಿ ಹೇಳಿ, ಪ್ರೇತನಾಗಿರುವನೆಂದು ಗಯೆಯಲ್ಲಿ ಒಪ್ಪಿಕೊಂಡರೆ, ಎರಡರಲ್ಲಿ ಒಂದು ಮಾತು ಸುಳ್ಳಾಗಲೇಬೇಕು. ನಾವು ಯಾವುದನ್ನು ಸುಳ್ಳು ಮಾಡುತ್ತಿದ್ದೇವೆ? ನಮ್ಮ ತಾಯಿಯ ಬಾಳುವೆಯನ್ನೇ ಅಲ್ಲವೇ?

ತೀರ್ಥವೆಂಬ ಮಾತನ್ನೇ ವಿಚಾರಿಸಿರಿ. ಅಷ್ಟಾವರಣದಲ್ಲಿ ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರಗಳಿವೆ; ಕ್ಷೇತ್ರವೆಂಬುದಿಲ್ಲ, ನದಿಯೆಂಬುದಿಲ್ಲ. ಭಕ್ತನ ತೀರ್ಥ ಪಾದೋದಕ. ಅದನ್ನು ಪಡೆಯಲು ಎರಡು ಸಾವಿರ ಕಿಲೋಮೀಟರ್ ರೈಲಿನಲ್ಲಿ ಸಾಗಬೇಕಾಗಿಲ್ಲ. ಇದು ಶರಣರ ಮರೆವಿನಿಂದಾದ ಲೋಪವೆಂದು ಭಾವಿಸಬೇಡಿ. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಕಾಶಿ-ಗಯೆಗಳು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿದ್ದವು. ಗೊತ್ತಿದ್ದೂ ಕೈಬಿಟ್ಟರು. ಏಕೆ?

ಈ ಪ್ರಶ್ನೆಗೆ ಉತ್ತರ ನಮಗೆ ದೊರೆತುದು ಬುದ್ಧಗಯೆಯಲ್ಲಿ. ಕೆಲವು ವರ್ಷಗಳ ಹಿಂದೆ ನಾವೂ ಅಲ್ಲಿಗೆ ಹೋಗಿದ್ದೆವು. ಗಯಾ ಪಟ್ಟಣದಿಂದ ಅದು ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೇ. ಶಾಕ್ಯಕುಲದ ಗೌತಮನು ಅರಳಿಮರದ ಬುಡದಲ್ಲಿ ಕುಳಿತು ಬುದ್ಧನಾದ ಸ್ಥಳ. ಸಿಂಹಳ, ಬರ್ಮಾ, ಟಿಬೆಟ್, ಜಪಾನಿನ ಭಿಕ್ಷುಗಳು ಅಲ್ಲಿ ಮೌನವಾಗಿ ಕುಳಿತಿದ್ದರು. ನಮ್ಮ ಚಾಮರಾಜನಗರ ಜಿಲ್ಲೆಯ ಒಡೆಯರಪಾಳ್ಯದ ನೆಲೆಯಲ್ಲಿ ಕಾಣುವಂತಹುದೇ ಕೆಂಪು ವಸ್ತ್ರದ ಲಾಮಾಗಳು ನೂರಾರು ಬಾರಿ ದೀರ್ಘದಂಡ ನಮಸ್ಕಾರ ಹಾಕುತ್ತಿದ್ದರು. ಅದೇ ಮರದ ಇನ್ನೊಂದು ಮಗ್ಗುಲಿನಲ್ಲಿ ಗಯಾಶ್ರಾದ್ಧಕ್ಕೆ ಬಂದವರು ಪಿಂಡ ಇಡುತ್ತಿದ್ದರು. ಬೋಧಿವೃಕ್ಷವೂ ಗಯೆಯ ಪಿಂಡದ ವೇದಿಗಳಲ್ಲಿ ಒಂದು. ಒಂದೇ ಮರ: ಒಬ್ಬರಿಗೆ ಅರಿವಿನ ಗುರುತು, ಇನ್ನೊಬ್ಬರಿಗೆ ಪಿತೃಗಳ ಬಾಗಿಲು. ನಮ್ಮ ಪ್ರವಾಸದ ಬಸ್ಸಿನವರು ಮಾತ್ರ ಅರ್ಧ ಗಂಟೆಯಲ್ಲಿ ಹಿಂತಿರುಗಬೇಕೆಂದು ಕೂಗುತ್ತಿದ್ದರು.

ಆ ಸ್ಥಳದ ಚರಿತ್ರೆ ನಮ್ಮ ಕಣ್ಣು ತೆರೆಸಬೇಕು. ಬಹುಕಾಲ ಮಹಾಬೋಧಿ ದೇವಾಲಯ ಅಲ್ಲಿಯ ಒಂದು ಶೈವ ಮಠದ ಮಹಂತರ ವಶದಲ್ಲಿತ್ತು. 1891ರಲ್ಲಿ ಸಿಂಹಳದಿಂದ ಬಂದ ಅನಾಗಾರಿಕ ಧರ್ಮಪಾಲರು ಅದರ ಸ್ಥಿತಿಯನ್ನು ಕಂಡು ಮರುಗಿ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿದರು, ವ್ಯಾಜ್ಯಗಳು ನಡೆದವು. ಸ್ವಾತಂತ್ರ್ಯಾನಂತರ 1949ರ ಬುದ್ಧಗಯಾ ದೇವಾಲಯ ಕಾಯಿದೆ ಬಂದಿತು. ಅದರ ಪ್ರಕಾರ ಆಡಳಿತ ಸಮಿತಿಯಲ್ಲಿ ನಾಲ್ವರು ಹಿಂದೂಗಳು, ನಾಲ್ವರು ಬೌದ್ಧರು, ಅಧ್ಯಕ್ಷರು ಜಿಲ್ಲಾಧಿಕಾರಿ. ಜಿಲ್ಲಾಧಿಕಾರಿ ಹಿಂದೂ ಅಲ್ಲದಿದ್ದರೆ ಬೇರೊಬ್ಬ ಹಿಂದೂವನ್ನು ಅಧ್ಯಕ್ಷರನ್ನಾಗಿ ನೇಮಿಸಬೇಕೆಂಬ ನಿಯಮ 2013ರ ತಿದ್ದುಪಡಿಯವರೆಗೂ ಇತ್ತು. 2002ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. 2025ರ ಫೆಬ್ರವರಿಯಲ್ಲಿ, ಆಡಳಿತವನ್ನು ಪೂರ್ಣವಾಗಿ ಬೌದ್ಧರಿಗೆ ಒಪ್ಪಿಸಬೇಕೆಂದು ಭಿಕ್ಷುಗಳು ಅಲ್ಲಿಯೇ ಉಪವಾಸ ಕುಳಿತರು. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಬುದ್ಧನ ಸನ್ನಿಧಿಯನ್ನು ಬುದ್ಧನ ಅನುಯಾಯಿಗಳು ನೋಡಿಕೊಳ್ಳಬೇಕೆಂಬುದು ನ್ಯಾಯವಾದ ಮಾತು. ಶೈವ ಮಠದ ಹೆಸರು ಆ ಕಥೆಯಲ್ಲಿ ಇರುವುದರಿಂದ ನಾವು ಇದನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಬೇಕು.

ಆದರೆ ನಮಗೆ ಅಲ್ಲಿ ಹೊಳೆದುದು ಬೇರೆಯದೇ ಸತ್ಯ. ಎಲ್ಲವನ್ನೂ ತೊರೆದ ಬುದ್ಧನು ಕುಳಿತ ನೆಲಕ್ಕೂ ಒಡೆತನದ ವ್ಯಾಜ್ಯ ತಪ್ಪಲಿಲ್ಲ. ಮರಕ್ಕೂ ಅಷ್ಟೇ. ಹಿಂದಿದ್ದ ಮರ 1876ರಲ್ಲಿ ಉರುಳಿತು. ಇಂದು ಕಾಣುವುದು ಅನಂತರ ನೆಟ್ಟದ್ದು. ನೆಲಕ್ಕೆ ಬೇಲಿಯುಂಟು, ಬೇಲಿಗೆ ಬಾಗಿಲುಂಟು, ಬಾಗಿಲಿಗೆ ಕಾವಲಿನವನುಂಟು, ಕಾವಲಿನವನಿಗೆ ದಕ್ಷಿಣೆಯುಂಟು. ದೈವವನ್ನು ಸ್ಥಳಕ್ಕೆ ಕಟ್ಟಿದೊಡನೆ ಅದಕ್ಕೆ ಒಬ್ಬ ಒಡೆಯ ಹುಟ್ಟುತ್ತಾನೆ. ಒಡೆಯನು ಹುಟ್ಟಿದೊಡನೆ ಯಾರು ಒಳಗೆ, ಯಾರು ಹೊರಗೆ ಎಂಬ ಲೆಕ್ಕ ಹುಟ್ಟುತ್ತದೆ. ಶರಣರು ಕ್ಷೇತ್ರವನ್ನು ಕೈಬಿಟ್ಟುದರ ಮರ್ಮ ಇದೇ. ಸಮಗಾರನಿಗೂ, ಕಸಗುಡಿಸುವ ತಾಯಿಗೂ, ನೇಯುವವನಿಗೂ ದೇವಾಲಯದ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಬಸವಾದಿ ಪ್ರಮಥರು ಬಾಗಿಲನ್ನು ತೆರೆಯಿರೆಂದು ಬೇಡಲಿಲ್ಲ. ಬಾಗಿಲೇ ಇಲ್ಲದ ಗುಡಿಯನ್ನು ಪ್ರತಿಯೊಬ್ಬರ ಅಂಗೈಯಲ್ಲಿಟ್ಟರು. ಅಂಗೈಯ ಲಿಂಗಕ್ಕೆ ಟ್ರಸ್ಟು ಬೇಕಿಲ್ಲ, ಬಹಿ ಬೇಕಿಲ್ಲ, ಗೋತ್ರ ಬೇಕಿಲ್ಲ. ಇಂತಹ ಸ್ವಾತಂತ್ರ್ಯವನ್ನು ಪಡೆದ ನಾವು ಬಳೆ ಒತ್ತೆಯಿಟ್ಟು, ಇನ್ನೊಬ್ಬರ ಬಾಗಿಲಲ್ಲಿ ಸಾಲು ನಿಂತು, ಗೊತ್ತಿಲ್ಲದ ಗೋತ್ರವನ್ನು ಉಚ್ಚರಿಸಿ ಬರುವುದೆಂದರೆ ಏನೆನ್ನಬೇಕು?

"ಎಲ್ಲರೂ ಹೋಗುತ್ತಾರೆ, ನಾವು ಹೋಗದಿದ್ದರೆ ತಾಯಿಗೆ ಮಾಡಲಿಲ್ಲವೆಂದು ನೆಂಟರು ಆಡಿಕೊಳ್ಳುತ್ತಾರೆ" ಎಂಬುದು ಆ ರೈತರ ಕೊನೆಯ ಸಮರ್ಥನೆ. ನಿಜವಾದ ಕಾರಣ ಇದೇ. ಇದು ಭಕ್ತಿಯಲ್ಲ, ಭಯ. ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಪತಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದ ತಾಯಿ ಆಕೆ. ಬಿದ್ದ ಅಕ್ಕಿಯಲ್ಲಿಯೇ ಅತಿಯಾಸೆಯನ್ನು ಕಂಡವಳು, ಸಾಲದ ಹಣದ ಪುಣ್ಯವನ್ನು ಒಪ್ಪುತ್ತಿದ್ದಳೇ?

ಇನ್ನೊಂದು ಆಕ್ಷೇಪವಿದೆ: "ಹಾಗಾದರೆ ಹಿರಿಯರನ್ನು ಮರೆತುಬಿಡಬೇಕೇ?" ಎಂದಿಗೂ ಇಲ್ಲ. ನಮ್ಮ ಗುಂಡ್ಲುಪೇಟೆಯ ಚರಿತ್ರೆಯನ್ನೇ ನೋಡಿರಿ. ಚಿಕ್ಕದೇವರಾಜ ಒಡೆಯರು ತಮ್ಮ ತಂದೆ ದೇಹಬಿಟ್ಟ ಈ ಊರಿನಲ್ಲಿಯೇ ಅವರ ನೆನಪಿಗಾಗಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಅವರು ವೈಷ್ಣವ ಶ್ರದ್ಧೆಯ ಅರಸರು. ಆದರೂ ತಂದೆಯ ನೆನಪಿಗೆ ತಂದೆಯ ಮಣ್ಣೇ ಕ್ಷೇತ್ರವೆಂದು ತಿಳಿದರು. ಆ ಗುಡಿಯೂ ಬಹುಕಾಲ ಪಾಳುಬಿದ್ದಿತ್ತೆಂಬುದನ್ನು ಮರೆಯಬಾರದು. ಅರಸರು ಕಲ್ಲಿನಲ್ಲಿ ಇಟ್ಟ ನೆನಪೂ ಜನರು ಕಾಪಾಡಿದಷ್ಟು ದಿನ ಮಾತ್ರ. ಹಾಗಿದ್ದ ಮೇಲೆ ಫಲ್ಗುವಿನ ಮರಳಿನಲ್ಲಿಟ್ಟ ಹಿಟ್ಟಿನ ಉಂಡೆಗೆ ಎಷ್ಟು ಆಯುಷ್ಯ?

ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ಭಕ್ತರು ಗಯೆಗೆ ಹೋಗುವುದಕ್ಕೆ ಮಠಗಳೂ ಕಾರಣ. ಲಿಂಗೈಕ್ಯವೆಂದರೇನು, ಸೂತಕವಿಲ್ಲವೆಂದರೇನು ಎಂಬುದನ್ನು ನಾವು ಮನೆಮನೆಗೆ ತಿಳಿಸಲಿಲ್ಲ. ಗದ್ದುಗೆಗಳಿಗೆ ಅಮೃತಶಿಲೆ ಹೊದಿಸಿದೆವು, ಜಾತ್ರೆಗಳಿಗೆ ರಸೀದಿ ಪುಸ್ತಕ ಅಚ್ಚು ಹಾಕಿಸಿದೆವು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಉಳಿಸಲು ಸುತ್ತಲೂ ಗೋಡೆ ಎತ್ತಿ ಬಾವಿಯಂತೆ ಕಾಪಾಡಿದ್ದಾರೆ. ಮಂಟಪ ಉಳಿಯಿತು, ಸಂತೋಷ. ಅವರ ವಿಚಾರವನ್ನು ಮುಳುಗದಂತೆ ಉಳಿಸುವ ಗೋಡೆಯನ್ನು ಕಟ್ಟಿದವರು ಯಾರು? ನಾವೂ ಸ್ಥಳಗಳ ಒಡೆಯರಾಗಿ ಕುಳಿತರೆ, ಗಯೆಯ ಪಂಡರನ್ನು ಟೀಕಿಸುವ ಅಧಿಕಾರ ನಮಗಿಲ್ಲ.

ಆದುದರಿಂದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟು. ಅನುಕೂಲವಿದ್ದರೆ ಉತ್ತರ ದೇಶವನ್ನು ನೋಡಿ ಬನ್ನಿ. ಸಾಲ ಮಾಡಿ ಬೇಡ. ಬುದ್ಧಗಯೆಗೆ ಹೋದರೆ ಬಸ್ಸಿನವನಿಗೆ ಹೇಳಿ ಒಂದು ಗಂಟೆ ಹೆಚ್ಚು ಕೇಳಿರಿ. ಆ ಮರದ ಕೆಳಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣುಮುಚ್ಚಿ ಕುಳಿತುಕೊಳ್ಳಿ. ಅರಿವಿಗಾಗಿ ಕುಳಿತವರ ನಡುವೆ ಅರಿವಿಗಾಗಿ ಕುಳಿತರೆ ಯಾರಿಗೂ ಅಪಚಾರವಿಲ್ಲ. ಪಿಂಡವನ್ನು ಮಾತ್ರ ಇಡಬೇಡಿ. ಮಹಾಲಯ ಅಮಾವಾಸ್ಯೆಗೆ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗುವ ನಮ್ಮ ಸೀಮೆಯ ಜನರಿಗೂ ಇದೇ ಮಾತು: ನಡಿಗೆ ನಿಮ್ಮ ಕಾಲಿನದಾಗಲಿ, ಲೋಕದ ಭಯದ್ದಾಗದಿರಲಿ.

ಆ ರೈತರಿಗೆ ನಾವು ಹೇಳಿದುದನ್ನು ಇಲ್ಲಿ ಬರೆದು ಮುಗಿಸುತ್ತೇವೆ. ಅವರ ತಾಯಿಯ ಸಮಾಧಿ ಅವರ ಹೊಲದ ಮೂಲೆಯಲ್ಲಿಯೇ ಇದೆ. ಅದರ ಮೇಲೆ ಪಾರ್ಥೇನಿಯಂ ಬೆಳೆದಿದೆಯೆಂದು ಅವರೇ ಹೇಳಿದರು. "ಅದನ್ನು ಕಿತ್ತು ಒಂದು ಬಿಲ್ವದ ಸಸಿ ನೆಡಿ. ತಾಯಿಯ ನೆನಪಿನ ದಿನ ಅಲ್ಲಿ ಕುಳಿತು ಇಷ್ಟಲಿಂಗ ಪೂಜೆ ಮಾಡಿ, ಊರಿನ ಶಾಲೆಯ ಮಕ್ಕಳಿಗೆ ಒಂದು ಹೊತ್ತಿನ ದಾಸೋಹ ನಡೆಸಿ. ಬರುವ ಹೂವಿನ ಬೆಳೆಯಲ್ಲಿ ಮೊದಲು ಬಳೆಗಳನ್ನು ಬಿಡಿಸಿಕೊಂಡು ತಾಯಿಯ ಸೊಸೆಯ ಕೈಗೆ ತೊಡಿಸಿ" ಎಂದೆವು. ಅವರು ಗಿಂಡಿಯ ಗಂಗಾಜಲವನ್ನು ಏನು ಮಾಡಲಿ ಎಂದು ಕೇಳಿದರು. ಸಸಿಗೆ ಎರೆಯಿರಿ ಎಂದೆವು.