ಹತ್ತು ದಿನಕ್ಕೊಂದು ಖಂಡವೇ?

ಆಸ್ಟ್ರೇಲಿಯದ ವಿಸ್ತೀರ್ಣ ಸುಮಾರು 77 ಲಕ್ಷ ಚದರ ಕಿ.ಮೀ.; ಭಾರತದ ಎರಡು ಪಟ್ಟಿಗೂ ಮಿಗಿಲು. ಹತ್ತು ದಿನದ ರಜೆಯಲ್ಲಿ ಬೆನ್ನಿಗೆ ಚೀಲವೇರಿಸಿ ಸಿಡ್ನಿ, ಉಲುರು, ಪರ್ತ್ ಮೂರನ್ನೂ ಮುಗಿಸುವುದು ಚಾರಣವಲ್ಲ, ವಿಮಾನನಿಲ್ದಾಣಗಳ ಪ್ರದಕ್ಷಿಣೆ. ಅವಸರದ ಬೂಟು ಊರೂರಿನ ಮಣ್ಣನ್ನೂ ಹೊತ್ತೊಯ್ಯುತ್ತದೆ. ಅದರಲ್ಲಿ ಫೈಟಾಫ್ತೊರ ಸಿನ್ನಮೋಮಿ ಎಂಬ ಸೂಕ್ಷ್ಮಜೀವಿಯಿದ್ದರೆ ಆ ದೇಶದ ನೈಋತ್ಯದ ಕಾಡಿನಲ್ಲಿ ಬ್ಯಾಂಕ್ಸಿಯಾ ಗಿಡಗಳು ಬೇರು ಕೊಳೆತು ಸಾಯುತ್ತವೆ. ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲದ ಜೀವಿ. ಆ ನಷ್ಟವನ್ನು ಉಂಡ ನಮಗೆ ಬೇರೆ ವಿವರಣೆ ಬೇಕೇ?

ಆದ್ದರಿಂದ ಒಂದೇ ಮೂಲೆಯನ್ನು ಆರಿಸಿಕೊಳ್ಳಿ. ಪರ್ತ್ ಬಳಿಯ ಕಲಮುಂಡದಿಂದ ಆಲ್ಬನಿಗೆ ಸುಮಾರು 1000 ಕಿ.ಮೀ. ಸಾಗುವ ಬಿಬ್ಬುಲ್‌ಮನ್ ಕಾಲುದಾರಿಯಲ್ಲಿ ನಾಲ್ಕೈದು ದಿನ ನಡೆದರೆ ಸಾಕು. ಬೂಟು ಉಜ್ಜಲು ಬ್ರಷ್ಷು ಇಟ್ಟಿರುವಲ್ಲಿ ತಪ್ಪದೆ ನಿಲ್ಲಿರಿ. ಎರಡು ನಿಮಿಷ ನಿಲ್ಲಲಾರದವನಿಗೆ ಕಾಡಿನಲ್ಲೇನು ಕೆಲಸ?