ಆಗ ಗಂಟೆ ಎಷ್ಟಾಗಿತ್ತು?



ನಮ್ಮ ಸೋದರಮಾವನವರು ಎಪ್ಪತ್ತರ ಹತ್ತಿರ ಬಂದಿದ್ದರೂ ದಿನವೂ ಹೊಲಕ್ಕೆ ಹೋಗಿಬರುತ್ತಿದ್ದ ಗಟ್ಟಿಮುಟ್ಟಾದ ಒಕ್ಕಲಿಗರು. ಒಂದು ರಾತ್ರಿ ಊಟ ಮುಗಿಸಿ ಪಡಸಾಲೆಯಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದಾಗ ಅಡಕತ್ತರಿಯು ಅವರ ಬಲಗೈಯಿಂದ ಜಾರಿ ಬಿದ್ದಿತು. ಎತ್ತಿಕೊಳ್ಳಲು ಹೋದರೆ ಬೆರಳುಗಳು ಹಿಡಿಯಲಿಲ್ಲ. ಅತ್ತೆಯವರು ಏನಾಯಿತೆಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ತೊದಲಾಗಿತ್ತು. ಬಿಸಿಲಿನಲ್ಲಿ ದುಡಿದ ದಣಿವಿರಬೇಕೆಂದು ಭಾವಿಸಿ ಮನೆಯವರು ಅವರನ್ನು ಮಲಗಿಸಿದರು. ಬೆಳಗಾಗುವಷ್ಟರಲ್ಲಿ ಬಲಗೈ, ಬಲಗಾಲು ಎರಡೂ ಸ್ವಾಧೀನ ತಪ್ಪಿದ್ದವು, ಮಾತು ನಿಂತುಹೋಗಿತ್ತು. ಪಕ್ಕದ ಊರಿನಲ್ಲಿ ಲಕ್ವಕ್ಕೆ ಔಷಧಿ ಕೊಡುವವರಿದ್ದಾರೆಂದು ಯಾರೋ ಹೇಳಿದ್ದರಿಂದ ಮೊದಲು ಅಲ್ಲಿಗೆ ಕರೆದೊಯ್ದದ್ದಾಯಿತು. ಪಟ್ಟಣದ ಆಸ್ಪತ್ರೆಯನ್ನು ಸೇರಿದ್ದು ಮೂರನೆಯ ದಿನ.

ಅಲ್ಲಿನ ವೈದ್ಯರು ಮೊಟ್ಟಮೊದಲು ಕೇಳಿದ ಪ್ರಶ್ನೆ ಇದು: "ಇವರು ಸರಿಯಾಗಿದ್ದುದನ್ನು ಕೊನೆಯ ಸಲ ಯಾರು ನೋಡಿದಿರಿ? ಆಗ ಗಂಟೆ ಎಷ್ಟಾಗಿತ್ತು?" ಜತೆಯಲ್ಲಿದ್ದ ನಾವಾರೂ ಉತ್ತರಿಸಲಾರದೆ ಮುಖ ಮುಖ ನೋಡಿಕೊಂಡೆವು. ಆಸ್ಪತ್ರೆಯ ಕಾಗದ ತುಂಬಲು ಕೇಳುತ್ತಿದ್ದಾರೆಂದೇ ಅಂದು ನಾವು ತಿಳಿದೆವು. ಆ ಒಂದು ಪ್ರಶ್ನೆಯ ಹಿಂದೆ ಹಲವು ದಶಕಗಳ ಸಂಶೋಧನೆಯೇ ನಿಂತಿದೆಯೆಂಬುದು ನಮಗೆ ಅರಿವಾದದ್ದು ಬಹಳ ತಡವಾಗಿ. ಆ ಸಂಶೋಧನೆಯ ಸಾರವನ್ನು ನಮ್ಮ ಓದುಗರ ಮನೆಮನೆಗೂ ಮುಟ್ಟಿಸಬೇಕೆಂಬ ಉದ್ದೇಶದಿಂದ ಈ ತಿಂಗಳ ಪುಟವನ್ನು ಬರೆಯುತ್ತಿದ್ದೇವೆ.

ಪಾರ್ಶ್ವವಾಯುವಿನಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಮಿದುಳಿಗೆ ರಕ್ತವನ್ನೊಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುವುದು ಮೊದಲನೆಯದು. ಇದನ್ನು ವೈದ್ಯರು ಇಸ್ಕೀಮಿಕ್ ಸ್ಟ್ರೋಕ್ ಎನ್ನುತ್ತಾರೆ. ಹೆಚ್ಚಿನ ರೋಗಿಗಳಲ್ಲಿ ಕಂಡುಬರುವುದು ಇದೇ. ರಕ್ತನಾಳವು ಒಡೆದು ಮಿದುಳಿನೊಳಗೆ ರಕ್ತ ಸುರಿಯುವುದು ಎರಡನೆಯದು. ಒಂದರಲ್ಲಿ ಹೆಪ್ಪನ್ನು ಕರಗಿಸಬೇಕು. ಇನ್ನೊಂದರಲ್ಲಿ ಅದೇ ಔಷಧವು ಪ್ರಾಣಕ್ಕೆ ಎರವಾದೀತು. ಆದರೆ ಹೊರಗಿನಿಂದ ನೋಡಿದರೆ ಎರಡರ ಲಕ್ಷಣಗಳೂ ಒಂದೇ: ಬಾಯಿ ಸೊಟ್ಟಗಾಗುವುದು, ಒಂದು ಪಕ್ಕದ ಕೈಕಾಲು ಸೋಲುವುದು, ಮಾತು ತೊದಲುವುದು. ಎಷ್ಟೇ ನುರಿತ ವೈದ್ಯರಾದರೂ ಬರಿಗಣ್ಣಿನಿಂದ ಇದು ಇಂಥದೇ ಎಂದು ಖಚಿತವಾಗಿ ಹೇಳಲಾರರು.

ಈ ಕತ್ತಲೆ ಸರಿಯತೊಡಗಿದ್ದು 1971ರಲ್ಲಿ. ಆ ವರ್ಷ ಲಂಡನ್ ನಗರದ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರು ನಿರ್ಮಿಸಿದ ಯಂತ್ರದಿಂದ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಸಿ.ಟಿ. ಸ್ಕ್ಯಾನ್ ತೆಗೆಯಲಾಯಿತು. ಇದಕ್ಕಾಗಿ ಅವರಿಗೆ ಅಲನ್ ಕಾರ್ಮ್ಯಾಕ್ ಅವರೊಡನೆ 1979ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ತಲೆಯನ್ನು ತೆರೆಯದೆಯೇ ಒಳಗೆ ರಕ್ತ ಸುರಿದಿದೆಯೋ ಇಲ್ಲವೋ ಎಂಬುದನ್ನು ಅಂದಿನಿಂದ ನೋಡಲು ಸಾಧ್ಯವಾಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಹೆಪ್ಪಿನಿಂದಾದ ಪಾರ್ಶ್ವವಾಯುವಿನಲ್ಲಿ ಮೊದಲ ಕೆಲವು ಗಂಟೆಗಳ ಸಿ.ಟಿ. ಸ್ಕ್ಯಾನ್ ಎಷ್ಟೋ ಸಲ ಸಹಜವಾಗಿಯೇ ಕಾಣುತ್ತದೆ. "ಸ್ಕ್ಯಾನಿನಲ್ಲಿ ಏನೂ ಇಲ್ಲವಂತೆ, ಮನೆಗೆ ಹೋಗೋಣ" ಎಂದು ಸಂತೋಷಪಡುವವರನ್ನು ನಾವು ಕಂಡಿದ್ದೇವೆ. ಆ ಸ್ಕ್ಯಾನ್ ಹೇಳುವುದು ರಕ್ತಸ್ರಾವವಿಲ್ಲ ಎಂಬುದನ್ನೇ ಹೊರತು ರೋಗವಿಲ್ಲ ಎಂಬುದನ್ನಲ್ಲ. ರಕ್ತಸ್ರಾವವಿಲ್ಲವೆಂದು ತಿಳಿದ ಆ ಗಳಿಗೆಯೇ ಚಿಕಿತ್ಸೆ ಆರಂಭವಾಗಬೇಕಾದ ಗಳಿಗೆ. ಆರಂಭದಲ್ಲಿಯೇ ಹಾನಿಯನ್ನು ಗುರುತಿಸುವ ಶಕ್ತಿ ಎಂ.ಆರ್.ಐ. ಪರೀಕ್ಷೆಯ ಒಂದು ವಿಧಾನಕ್ಕಿದೆ. ಯಾವ ನಾಳ ಮುಚ್ಚಿದೆಯೆಂಬುದನ್ನು ಬಣ್ಣದ ದ್ರಾವಣ ಚುಚ್ಚಿ ತೆಗೆಯುವ ಸ್ಕ್ಯಾನ್ ತೋರಿಸುತ್ತದೆ.

ರೋಗವನ್ನು ನೋಡಲು ಬಂದರೂ ಅದನ್ನು ನಿವಾರಿಸುವ ಮದ್ದು ಬಹುಕಾಲ ಇರಲಿಲ್ಲ. ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಎಂಬ ಔಷಧವನ್ನು 1990ರ ದಶಕದಲ್ಲಿ ಪಾರ್ಶ್ವವಾಯು ರೋಗಿಗಳಿಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳನ್ನು, ಮಿದುಳಿನ ರಕ್ತಸ್ರಾವ ಮತ್ತು ಸಾವು ಹೆಚ್ಚಿದ್ದರಿಂದ ಅರ್ಧದಲ್ಲಿಯೇ ನಿಲ್ಲಿಸಬೇಕಾಯಿತು. ಅದೇ ಹೃದಯಾಘಾತದಲ್ಲಿ ಜೀವ ಉಳಿಸಿದ ಔಷಧವದು! ಒಂದು ಅಂಗಕ್ಕೆ ಹಿತವಾದದ್ದು ಇನ್ನೊಂದಕ್ಕೆ ಹಿತವಾಗಲೇಬೇಕೆಂದಿಲ್ಲ, ಪರೀಕ್ಷಿಸಿಯೇ ತಿಳಿಯಬೇಕು.

1995ರ ಡಿಸೆಂಬರಿನಲ್ಲಿ ಅಮೆರಿಕದಿಂದ ಭರವಸೆಯ ಸುದ್ದಿ ಬಂದಿತು. ಆಲ್ಟಿಪ್ಲೇಸ್ ಎಂಬ ಇನ್ನೊಂದು ಔಷಧವನ್ನು 624 ರೋಗಿಗಳಲ್ಲಿ ಪರೀಕ್ಷಿಸಲಾಗಿತ್ತು. ಯಾರಿಗೆ ಔಷಧ, ಯಾರಿಗೆ ಔಷಧವಿಲ್ಲದ ಹುಸಿ ದ್ರಾವಣ ಎಂಬುದನ್ನು ಚೀಟಿ ಎತ್ತುವಂಥ ಕ್ರಮದಿಂದ ನಿರ್ಧರಿಸಿದ್ದರು. ಕೊಡುವ ವೈದ್ಯರಿಗೂ, ಪಡೆಯುವ ರೋಗಿಗೂ ಅದು ತಿಳಿದಿರಲಿಲ್ಲ. ರೋಗ ತಗುಲಿದ 3 ಗಂಟೆಯೊಳಗೆ ಔಷಧ ಕೊಡಬೇಕೆಂಬುದು ಕಟ್ಟುನಿಟ್ಟಿನ ನಿಯಮ. ಅಧ್ಯಯನದ ಎರಡನೆಯ ಭಾಗದಲ್ಲಿ ಮೂರು ತಿಂಗಳ ನಂತರ ನೋಡಿದಾಗ, ಹುಸಿ ದ್ರಾವಣ ಪಡೆದವರಲ್ಲಿ ನೂರಕ್ಕೆ 26 ಮಂದಿ ಹೆಚ್ಚಿನ ಊನವಿಲ್ಲದೆ ಚೇತರಿಸಿಕೊಂಡಿದ್ದರೆ, ಔಷಧ ಪಡೆದವರಲ್ಲಿ ನೂರಕ್ಕೆ 39 ಮಂದಿ ಚೇತರಿಸಿಕೊಂಡಿದ್ದರು. ಅಪಾಯವೂ ಇಲ್ಲದಿರಲಿಲ್ಲ. ಸ್ಥಿತಿ ಬಿಗಡಾಯಿಸುವಂಥ ರಕ್ತಸ್ರಾವವು ಔಷಧ ಪಡೆದವರಲ್ಲಿ ಶೇಕಡಾ 6.4, ಪಡೆಯದವರಲ್ಲಿ ಶೇಕಡಾ 0.6. ಹಾಗಿದ್ದೂ ಔಷಧ ಪಡೆದವರಲ್ಲಿ ಸಾವು ಹೆಚ್ಚಲಿಲ್ಲ. 2008ರಲ್ಲಿ ಯುರೋಪಿನ ಇನ್ನೊಂದು ಅಧ್ಯಯನವು ಈ ಅವಧಿಯನ್ನು ನಾಲ್ಕೂವರೆ ಗಂಟೆಯವರೆಗೆ ವಿಸ್ತರಿಸಬಹುದೆಂದು ತೋರಿಸಿತು. ಆದರೆ ಮೊದಲ ಗಂಟೆಗಳಲ್ಲಿ ಕೊಟ್ಟ ಔಷಧಕ್ಕಿರುವ ಫಲ ಕೊನೆಯ ಗಂಟೆಯಲ್ಲಿ ಕೊಟ್ಟದ್ದಕ್ಕಿಲ್ಲ.

ವೈದ್ಯರು ಗಂಟೆಯನ್ನು ಏಕೆ ಕೇಳಿದರೆಂಬುದು ಈಗ ಸ್ಪಷ್ಟವಾಯಿತಷ್ಟೆ. ರಕ್ತ ಸಿಗದ ಮಿದುಳಿನ ಭಾಗ ಒಮ್ಮೆಲೇ ಸಾಯುವುದಿಲ್ಲ. ನಡುವಿನ ಭಾಗ ಬೇಗ ಸಾಯುತ್ತದೆ. ಸುತ್ತಲಿನ ಭಾಗ ನೀರಿಲ್ಲದ ಪೈರಿನಂತೆ ಬಾಡಿ, ಇನ್ನೂ ಜೀವ ಹಿಡಿದುಕೊಂಡಿರುತ್ತದೆ. ದೊಡ್ಡ ನಾಳ ಮುಚ್ಚಿದಾಗ ಚಿಕಿತ್ಸೆಯಿಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಅಮೆರಿಕದ ವೈದ್ಯರೊಬ್ಬರು ಲೆಕ್ಕ ಹಾಕಿದರು. ಬಾಡಿದ ಪೈರಿಗೆ ನೀರುಣಿಸಬಹುದು, ಒಣಗಿದ್ದಕ್ಕೆ ಉಣಿಸಿ ಫಲವಿಲ್ಲ.

ಹೆಪ್ಪು ದೊಡ್ಡದಾಗಿದ್ದರೆ ಔಷಧವೊಂದರಿಂದಲೇ ಅದು ಕರಗುವುದು ಕಷ್ಟ. ತೊಡೆಯ ಸಂದಿನ ರಕ್ತನಾಳದ ಮೂಲಕ ಸಣ್ಣ ನಳಿಕೆಯನ್ನು ಮಿದುಳಿನವರೆಗೆ ತೂರಿಸಿ ಹೆಪ್ಪನ್ನೇ ಹೊರಗೆಳೆಯುವ ಚಿಕಿತ್ಸೆಯನ್ನು ವೈದ್ಯರು ರೂಪಿಸಿದರು. 2013ರಲ್ಲಿ ಪ್ರಕಟವಾದ ಮೂರು ಪ್ರಯೋಗಗಳಲ್ಲಿ ಇದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಸಂಶೋಧಕರು ಕೈಚೆಲ್ಲಲಿಲ್ಲ; ಸೋಲಿನ ಕಾರಣವನ್ನು ಹುಡುಕಿದರು. ಉಪಕರಣಗಳು ಹಳೆಯವಾಗಿದ್ದವು, ಚಿಕಿತ್ಸೆ ತಡವಾಗಿತ್ತು, ದೊಡ್ಡ ನಾಳ ನಿಜವಾಗಿ ಮುಚ್ಚಿದೆಯೇ ಎಂಬುದನ್ನು ಎಲ್ಲ ರೋಗಿಗಳಲ್ಲಿಯೂ ಮೊದಲೇ ಖಚಿತಪಡಿಸಿಕೊಂಡಿರಲಿಲ್ಲ. ಇವನ್ನು ತಿದ್ದಿಕೊಂಡು ನೆದರ್ಲೆಂಡ್ಸ್ ದೇಶದಲ್ಲಿ 500 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2015ರ ಜನವರಿಯಲ್ಲಿ ಅಚ್ಚಾಯಿತು. ಇತರರ ನೆರವಿಲ್ಲದೆ ಬಾಳುವಂತಾದವರು ಹಿಂದಿನ ಚಿಕಿತ್ಸೆಯಲ್ಲಿ ನೂರಕ್ಕೆ 19, ಹೆಪ್ಪು ತೆಗೆಸಿಕೊಂಡವರಲ್ಲಿ ಸುಮಾರು 33. ಅದೇ ವರ್ಷ ಇನ್ನೂ ನಾಲ್ಕು ಪ್ರಯೋಗಗಳು ಇದನ್ನೇ ದೃಢಪಡಿಸಿದವು.

ನಮ್ಮ ಮನಸ್ಸನ್ನು ಹೆಚ್ಚು ತಟ್ಟಿದ್ದು 2018ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು. ಅನೇಕರು ರಾತ್ರಿ ಚೆನ್ನಾಗಿ ಮಲಗಿ ಬೆಳಗ್ಗೆ ಏಳುವಾಗ ಪಾರ್ಶ್ವವಾಯುವಿಗೆ ತುತ್ತಾಗಿರುತ್ತಾರೆ. ಇಂಥವರನ್ನು ಹಿಂದೆ ಕೈಬಿಟ್ಟಂತೆಯೇ ಇತ್ತು. ಕೊನೆಯ ಸಲ ಸ್ವಸ್ಥರಾಗಿದ್ದುದನ್ನು ಕಂಡು 6ರಿಂದ 24 ಗಂಟೆ ಕಳೆದಿದ್ದರೂ, ಉಳಿಸಬಹುದಾದ ಮಿದುಳಿನ ಭಾಗ ಸ್ಕ್ಯಾನಿನಲ್ಲಿ ಕಂಡುಬಂದ 206 ರೋಗಿಗಳನ್ನು ಒಂದು ಅಧ್ಯಯನ ಆಯ್ದುಕೊಂಡಿತು. ಹೆಪ್ಪು ತೆಗೆಸಿಕೊಂಡವರಲ್ಲಿ ನೂರಕ್ಕೆ 49 ಮಂದಿ ಸ್ವತಂತ್ರರಾಗಿ ಬಾಳುವಂತಾದರು. ಉಳಿದವರಲ್ಲಿ ನೂರಕ್ಕೆ 13 ಮಾತ್ರ. ರೋಗ ತಗುಲಿದ ಗಂಟೆ ಗೊತ್ತಿಲ್ಲದ ಕೆಲವರನ್ನು ಎಂ.ಆರ್.ಐ. ಮೂಲಕ ಆರಿಸಿ ಹೆಪ್ಪು ಕರಗಿಸುವ ಔಷಧ ಕೊಡಬಹುದೆಂದು ಇನ್ನೊಂದು ಅಧ್ಯಯನ ತೋರಿಸಿತು. ಆದುದರಿಂದ "ತಡವಾಯಿತು, ಇನ್ನು ಹೋಗಿ ಫಲವೇನು" ಎಂದು ಮನೆಯಲ್ಲಿ ಕುಳಿತೇ ತೀರ್ಮಾನಿಸಬಾರದು. ಹಾಗೆಂದು 24 ಗಂಟೆ ಇದೆಯಲ್ಲ ಎಂದು ನಿಶ್ಚಿಂತರಾಗಲೂಬಾರದು. ಈ ಅವಕಾಶ ಇರುವುದು ಆಯ್ದ ಕೆಲವರಿಗೆ ಮಾತ್ರ.

ಆರೈಕೆಯ ವಿಷಯದಲ್ಲಿ ನಮ್ಮ ದೇಶದ ಒಂದು ಸಂಶೋಧನೆಯನ್ನು ಹೇಳಲೇಬೇಕು. ಮನೆಯವರಿಗೇ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದರೆ ರೋಗಿ ಬೇಗ ಚೇತರಿಸಿಕೊಳ್ಳುವನೇ ಎಂಬುದನ್ನು ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ಪರೀಕ್ಷಿಸಿದರು. 2017ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪುಗಳಲ್ಲಿ ಆರು ತಿಂಗಳಿಗೆ ತೀರಿಕೊಂಡವರು ಅಥವಾ ಪರಾಧೀನರಾದವರು ನೂರಕ್ಕೆ 47 ಮಂದಿಯೇ ಇದ್ದರು. ಮನೆಯವರ ಸೇವೆ ವ್ಯರ್ಥವೆಂದು ಇದರ ಅರ್ಥವಲ್ಲ. ಪ್ರೀತಿಯಿಂದ ಮಾಡುವ ಸೇವೆಯು ಪರಿಣತರ ಚಿಕಿತ್ಸೆಯ ಸ್ಥಾನವನ್ನು ತುಂಬಲಾರದು ಎಂಬ ಕಹಿ ಸತ್ಯವನ್ನು ಅದು ನಮಗೆ ತಿಳಿಸುತ್ತದೆ. ನಮ್ಮ ಅತ್ತೆಯವರು ನಾಲ್ಕು ವರ್ಷ ಎರಡು ಹೊತ್ತೂ ಎಣ್ಣೆ ತಿಕ್ಕಿ ಕೈಕಾಲು ನೀವಿದರು. ಮಾವನವರ ಮೈಯಲ್ಲಿ ಒಂದು ಹುಣ್ಣಾಗಲಿಲ್ಲ. ಆದರೆ ಮಾತು ಮರಳಲಿಲ್ಲ.

ಹಾಗಾದರೆ ಗೃಹಸ್ಥರಾದ ನಾವು ಮಾಡಬೇಕಾದುದೇನು? ಮುಖ ಸೊಟ್ಟಗಾಯಿತೇ, ಕೈ ಮೇಲೆತ್ತಿದರೆ ಒಂದು ಕೈ ಕೆಳಗಿಳಿಯುವುದೇ, ಮಾತು ತೊದಲುವುದೇ ನೋಡಬೇಕು. ಇವುಗಳಲ್ಲಿ ಒಂದು ಕಂಡರೂ ಸಾಕು, ತಕ್ಷಣ ಗಡಿಯಾರ ನೋಡಿ ಹೊತ್ತನ್ನು ಬರೆದಿಡಬೇಕು. ಯಾರೂ ಎದುರಿಗಿರದಿದ್ದರೆ ಕೊನೆಯ ಸಲ ಸರಿಯಾಗಿದ್ದುದನ್ನು ಕಂಡ ಹೊತ್ತನ್ನು ನೆನಪಿಸಿಕೊಳ್ಳಬೇಕು. 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇದ್ದು ಈ ಚಿಕಿತ್ಸೆ ದೊರೆಯುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ಬಾಯಿಗೆ ನೀರು, ಕಾಫಿ ಹಾಕಬಾರದು; ನುಂಗಲಾರದೆ ಶ್ವಾಸನಾಳಕ್ಕೆ ಇಳಿದೀತು. ಆಸ್ಪಿರಿನ್ ಮಾತ್ರೆಯನ್ನು ಮನೆಯಲ್ಲಿಯೇ ಕೊಡಬಾರದು. ಹೆಪ್ಪಿನ ಪಾರ್ಶ್ವವಾಯುವಿನಲ್ಲಿ ಆಸ್ಪಿರಿನ್ ಸ್ವಲ್ಪ ಮಟ್ಟಿಗೆ ಹಿತವೆಂದು 1997ರಲ್ಲಿ ಎರಡೂ ಸೇರಿ ಸುಮಾರು 40,000 ರೋಗಿಗಳನ್ನೊಳಗೊಂಡ ಎರಡು ಅಧ್ಯಯನಗಳು ತೋರಿಸಿದ್ದು ನಿಜ. ಆದರೆ ಒಳಗಿರುವುದು ಹೆಪ್ಪೋ ರಕ್ತಸ್ರಾವವೋ ಎಂಬುದು ಮನೆಯಲ್ಲಿ ತಿಳಿಯದು. ರೋಗಿ ದಿನವೂ ಸೇವಿಸುವ ಔಷಧಿಗಳ ಚೀಟಿಯನ್ನು, ವಿಶೇಷವಾಗಿ ರಕ್ತ ತೆಳುವಾಗಿಸುವ ಮಾತ್ರೆಗಳಿದ್ದರೆ ಅವನ್ನು, ಜತೆಗೊಯ್ಯಬೇಕು. ಲಕ್ಷಣಗಳು ಕೆಲವೇ ನಿಮಿಷಗಳಲ್ಲಿ ಮಾಯವಾದರೂ ಹೋಗಲೇಬೇಕು. ಅದು ಮುಂದೆ ಬರಲಿರುವ ದೊಡ್ಡ ಆಘಾತದ ಮುನ್ಸೂಚನೆಯಾಗಿರಬಹುದು.

ಇನ್ನೊಂದು ಮಾತು. ಆಸ್ಪತ್ರೆಯಲ್ಲಿ ಅಪಾಯವನ್ನೂ ಲಾಭವನ್ನೂ ವಿವರಿಸಿ ಒಪ್ಪಿಗೆ ಕೇಳಿದಾಗ, "ಹಿರಿಯರು ಬರಲಿ, ಅಳಿಯಂದಿರು ಬರಲಿ, ಎಲ್ಲರೂ ಕೂಡಿ ವಿಚಾರ ಮಾಡೋಣ" ಎಂದು ಗಂಟೆಗಟ್ಟಲೆ ಕಳೆಯುವುದು ನಮ್ಮ ಮನೆತನಗಳ ರೂಢಿ. ಮದುವೆ, ಆಸ್ತಿಯ ವಿಷಯದಲ್ಲಿ ಅದು ಚೆಂದ. ಇಲ್ಲಿ ಮಾತ್ರ ಸಲ್ಲದು. ಇಂಥ ಪ್ರಸಂಗ ಬಂದರೆ ಯಾರು ನಿರ್ಧರಿಸಬೇಕೆಂಬುದನ್ನು ಎಲ್ಲರೂ ಚೆನ್ನಾಗಿರುವ ಇಂದೇ ಮಾತಾಡಿಕೊಂಡಿರುವುದು ಜಾಣತನ.

ಬಾರದಂತೆ ತಡೆಯುವುದು ಎಲ್ಲಕ್ಕಿಂತ ಮೇಲು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರೂ ಪಾಲ್ಗೊಂಡ, 32 ದೇಶಗಳ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಪಾರ್ಶ್ವವಾಯುವಿನ ಹೊರೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು, ನಾವು ಬದಲಿಸಬಹುದಾದ ಹತ್ತು ಕಾರಣಗಳಿಗೆ ಸಂಬಂಧಿಸಿದೆಯೆಂದು ಅದು ಕಂಡುಕೊಂಡಿತು. ಅವುಗಳಲ್ಲಿ ಮೊದಲನೆಯದು ರಕ್ತದ ಒತ್ತಡ. ಧೂಮಪಾನ, ಸಕ್ಕರೆ ಕಾಯಿಲೆ, ವ್ಯಾಯಾಮದ ಕೊರತೆ ಇತ್ಯಾದಿಗಳು ಆಮೇಲಿನವು. ನಮ್ಮ ಮಾವನವರು ಬಿ.ಪಿ. ಪರೀಕ್ಷೆಯನ್ನು ಒಮ್ಮೆಯೂ ಮಾಡಿಸಿಕೊಂಡವರಲ್ಲ.

ಹೃದಯಾಘಾತದಲ್ಲಿ ನೋವಿದೆ, ಮನುಷ್ಯ ಕೂಗುತ್ತಾನೆ, ಮನೆಯೆಲ್ಲ ಏಳುತ್ತದೆ. ಹೆಪ್ಪಿನ ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ಅದಕ್ಕಾಗಿಯೇ ನಾವು ಮೋಸಹೋಗುತ್ತೇವೆ. ಮೊನ್ನೆ ಊರಿಗೆ ಹೋದಾಗ ಇದನ್ನೆಲ್ಲ ಅತ್ತೆಯವರ ಮುಂದೆ ಹೇಳಬೇಕೋ ಬೇಡವೋ ಎಂದು ಅಳುಕುತ್ತಲೇ ಹೇಳಿದೆವು. ಅವರು ತುಸು ಹೊತ್ತು ಸುಮ್ಮನಿದ್ದು, "ಗಡಿಯಾರ ಎದುರಿಗೇ ಇತ್ತಪ್ಪಾ. ನೋಡಬೇಕಂತ ಹೊಳೀಲಿಲ್ಲ. ನೀ ಇದನ್ನ ಬರಿ, ಮತ್ತೊಬ್ಬರಿಗಾದರೂ ಹೊಳೀಲಿ" ಎಂದರು.

ಅವರ ಮಾತಿನಂತೆ ಬರೆದಿದ್ದೇವೆ. ಓದುಗರು ಇದನ್ನು ತಾವು ಓದಿ ಮಡಚಿಡದೆ, ಓದಲು ಬಾರದ ಹಿರಿಯರಿಗೂ ಮನೆಯ ಮಕ್ಕಳಿಗೂ ಒಮ್ಮೆ ಓದಿ ಹೇಳಬೇಕೆಂದು ಬೇಡಿಕೊಳ್ಳುತ್ತೇವೆ.