ಕುದುರೆ ಮಾರ್ರಿ ಅನ್ನುವ ಮೊದಲು

ಕುದುರೆ ಸಾಕುವುದು ದೊಡ್ಡವರ ಶೋಕಿ ಎಂಬ ತಿಳುವಳಿಕೆ ನಮ್ಮಲ್ಲಿ ಬಹಳ ಜನರಿಗಿದೆ. ಪುಣೆಯ ರೇಸು, ಮದುವೆಯ ಮೆರವಣಿಗೆ, ದೀಪಾವಳಿ ಹೊತ್ತಿಗೆ ಅಕಲೂಜದಲ್ಲಿ ಸೇರುವ ಕುದುರೆ ಬಾಜಾರ, ದತ್ತ ಜಯಂತಿಗೆ ಸಾರಂಗಖೇಡದ ಜಾತ್ರೆ... ಅಲ್ಲಿ ಮಾರವಾಡಿ, ಕಾಠಿಯಾವಾಡಿ ಕುದುರೆಗಳಿಗೆ ಲಕ್ಷಗಟ್ಟಲೆ ಬೆಲೆ. ಪೇಪರಿನಲ್ಲಿ ಫೋಟೊ ಬರುವುದೂ ಅವುಗಳದೇ. ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಪಾಠ ಮಾಡುವವರಿಗೆ ಮಾತ್ರ ಕುದುರೆ ಅಂದರೆ ಬೇರೆಯೇ ನೆನಪಾಗುತ್ತದೆ. ದೀಪಾವಳಿ ಸೂಟಿ ಮುಗಿದು ದ್ವಿತೀಯ ಸತ್ರ ಶುರುವಾದ ದಿನ ಹಾಜರಿ ಕರೆಯುತ್ತ ಹೋದರೆ ನಡುನಡುವೆ ಉತ್ತರ ಬಾರದ ಹೆಸರುಗಳು ಸಿಗುತ್ತವೆ. "ಕುರಿ ಹಿಂದ ಹೋಗ್ಯಾರ್ರಿ ಗುರುಗಳ" ಅಂತ ಹಿಂದಿನ ಸಾಲಿನಿಂದ ಯಾರೋ ಹೇಳುತ್ತಾರೆ. ಸರಿಯಾಗಿ ಹೇಳಬೇಕೆಂದರೆ ಹುಡುಗರು ಹೋಗಿರುವುದು ಕುರಿ ಹಿಂದೆ, ಹುಡುಗಿಯರು ಹೋಗಿರುವುದು ಕುದುರೆ ಹಿಂದೆ. ಈ ವ್ಯತ್ಯಾಸದ ಬಗ್ಗೆಯೇ ಇವತ್ತು ನಾಲ್ಕು ಮಾತು ಬರೆಯಬೇಕು ಅನ್ನಿಸಿತು.

ನಮ್ಮ ಕಡೆ ಕುರಿ ಸಾಕುವ ಕುರುಬರು, ಧನಗರರು ಥಂಡಿ ದಿನಗಳಲ್ಲಿ ಊರಲ್ಲಿ ಇರುವುದಿಲ್ಲ. ಯಾಕೆ ಇರುವುದಿಲ್ಲ ಎನ್ನುವುದನ್ನು ದೂರದಿಂದ ಬಂದ ಅಧಿಕಾರಿಗಳಿಗೆ ಪ್ರತಿ ಸಲ ಬಿಡಿಸಿ ಹೇಳಬೇಕಾಗುತ್ತದೆ. ನಮ್ಮದು ಹಿಂಗಾರಿ ಸೀಮೆ. ಜೋಳ ಬಿತ್ತುವುದು ಸಪ್ಟೆಂಬರ, ಅಕ್ಟೋಬರದಲ್ಲಿ, ಕೀಳುವುದು ಫೆಬ್ರವರಿ ಹೊತ್ತಿಗೆ. ಅಂದರೆ ಇಡೀ ಚಳಿಗಾಲ ಹೊಲದ ತುಂಬ ಬೆಳೆ ನಿಂತಿರುತ್ತದೆ, ಕುರಿಗೆ ಕಾಲಿಡಲು ಜಾಗವಿಲ್ಲ. ಅದೇ ಹೊತ್ತಿಗೆ ಪಡುವಣ ದಿಕ್ಕಿನಲ್ಲಿ, ಕೃಷ್ಣಾ ತೀರದಲ್ಲಿ, ಘಟ್ಟದ ಕೆಳಗೆ ಕೊಂಕಣದಲ್ಲಿ ಮುಂಗಾರಿ ಬೆಳೆ, ಭತ್ತ ಕೊಯ್ದು ಹೊಲ ಬಯಲಾಗಿರುತ್ತದೆ. ಕುರಿ ನಿಲ್ಲಿಸಿದರೆ ಹಿಕ್ಕೆ ಗೊಬ್ಬರ ಬೀಳುತ್ತದೆಂದು ಅಲ್ಲಿಯ ರೈತರೇ ಕರೆದು ಕಾಳೋ ರೊಕ್ಕವೋ ಕೊಡುತ್ತಾರೆ. ಹೀಗಾಗಿ ಈ ಜನ ಹೋಗುವುದು ಅಲೆಮಾರಿತನದ ಚಟಕ್ಕಲ್ಲ. ಅದು ಅವರ ಉದ್ಯೋಗದ ಲೆಕ್ಕಾಚಾರ. ಈಚೆಗೆ ಮ್ಹೈಸಾಳ ಏತ ನೀರಾವರಿಯ ನೀರು ಬಂದ ಕಡೆ ದ್ರಾಕ್ಷಿ, ದಾಳಿಂಬೆ, ಕಬ್ಬು ಹೆಚ್ಚಾಗಿ ಉಳಿದ ಬೀಳು ಭೂಮಿಯೂ ಕಡಿಮೆಯಾಗಿದೆ. ನೀರು ಬಂದಿದ್ದಕ್ಕೆ ಸಂತೋಷವೇ, ಆದರೆ ಕುರಿಯವನಿಗೆ ಮಾತ್ರ ಊರು ಇನ್ನಷ್ಟು ಇಕ್ಕಟ್ಟಾಯಿತು.

ಹೋಗುವಾಗ ಗಂಡಸರು ಕುರಿಯ ಜೊತೆ ಒಂದು ದಾರಿ. ಮನೆ ಇನ್ನೊಂದು ದಾರಿ. ಮನೆ ಅಂದರೆ ಗುಡಾರದ ಬಟ್ಟೆ, ಕೋಲು, ಬೋಗುಣಿ, ಜೋಳದ ಚೀಲ, ಕಂಬಳಿ, ನಡೆಯಲಾರದ ಕುರಿಮರಿ, ಕೋಳಿ, ಕೆಲವೊಮ್ಮೆ ಎಲ್ಲದರ ಮೇಲೆ ಕಟ್ಟಿ ಕೂಡಿಸಿದ ಕೂಸು. ಈಗೀಗ ಮೊಬೈಲು ಚಾರ್ಜ್ ಮಾಡಲು ಸಣ್ಣ ಸೋಲಾರ ಪ್ಲೇಟೂ ಸೇರಿದೆ. ಇಷ್ಟನ್ನೂ ಹೊರುವುದು ಗಿಡ್ಡ ಜಾತಿಯ ನಮ್ಮ ದಖ್ಖನಿ ತಟ್ಟು. ಭೀಮಥಡಿ ಎಂದೂ ಕರೆಯುವ ಈ ತಳಿಯನ್ನು 2023ರಲ್ಲಿ ಕರ್ನಾಲದ ರಾಷ್ಟ್ರೀಯ ಪಶು ತಳಿ ಸಂಸ್ಥೆ ಪ್ರತ್ಯೇಕ ತಳಿಯೆಂದು ನೋಂದಾಯಿಸಿತು. ಅಷ್ಟು ದಿನ ಅದಕ್ಕೆ ತಳಿಯೆಂಬ ನೋಂದಣಿ ಇರಲಿಲ್ಲ, ಬರೀ 'ತಟ್ಟು'. ದೇಶದಲ್ಲಿ ಕುದುರೆಗಳೇ ಕಡಿಮೆಯಾಗುತ್ತಿವೆ. 2012ರ ಜಾನುವಾರು ಗಣತಿಯಲ್ಲಿ ಆರು ಲಕ್ಷಕ್ಕೂ ಮೇಲಿದ್ದವು 2019ರ ಗಣತಿಯಲ್ಲಿ ಮೂರು ಲಕ್ಷ ನಲವತ್ತು ಸಾವಿರದ ಆಸುಪಾಸಿಗೆ ಇಳಿದಿದ್ದವು. ಇಂಥದರಲ್ಲಿ ಈ ತಟ್ಟುಗಳನ್ನು ಉಳಿಸಿಕೊಂಡು ಬಂದವರು ಕುರಿಗಾರರು. ಅದರಲ್ಲೂ ಅವರ ಮನೆಯ ಹೆಂಗಸರು, ಹುಡುಗಿಯರು.

ಈ ಕುದುರೆಯ ಚಾಕರಿ ಸಣ್ಣದಲ್ಲ, ಥಂಡಿಯಲ್ಲಂತೂ ಇನ್ನೂ ಹೆಚ್ಚು. ಕುದುರೆಯ ಹೊಟ್ಟೆ ಸಣ್ಣದು, ಆಕಳಿನಂತೆ ಒಮ್ಮೆಲೇ ತಿಂದು ಮೆಲುಕು ಹಾಕುವ ಪ್ರಾಣಿಯಲ್ಲ. ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಮೇಯಬೇಕು. ವಾಂತಿ ಮಾಡಲು ಅದಕ್ಕೆ ಆಗುವುದಿಲ್ಲ, ಹೀಗಾಗಿ ಹೊಟ್ಟೆಶೂಲೆ ಬಂತೆಂದರೆ ಜೀವಕ್ಕೇ ಬರುತ್ತದೆ. ಚಳಿಗೆ ನೀರು ತಣ್ಣಗಿರುತ್ತದೆ, ಕುಡಿಯುವುದು ಕಡಿಮೆ, ತಿನ್ನುವುದು ಒಣ ಕಣಿಕೆ. ಶೂಲೆಗೆ ಇಷ್ಟೇ ಸಾಕು. ಅದಕ್ಕೆ ದಾಣಿಯಲ್ಲಿ ಉಪ್ಪು ಬೆರೆಸಿ, ನೀರನ್ನು ತುಸು ಬೆಚ್ಚಗೆ ಮಾಡಿ ಕುಡಿಸಬೇಕು. ಬಿಡಾರ ಮುಟ್ಟಿದ ಮೇಲೆ ಬೆವತ ಬೆನ್ನಿಗೆ ಥಂಡಿ ಗಾಳಿ ಬಡಿಯದಂತೆ ಗೋಣಿಚೀಲದಿಂದ ತಿಕ್ಕಬೇಕು. ಹೊರೆ ಒಂದು ಕಡೆ ವಾಲಿದರೆ ಬೆನ್ನು ಹುಣ್ಣಾಗುತ್ತದೆ. ಗೊರಸಿನಲ್ಲಿ ಕಲ್ಲು ಸಿಕ್ಕಿದೆಯೋ ನೋಡಬೇಕು. ಕುದುರೆಗೆ ಧನುರ್ವಾಯುವಿನ ಭಯ ಬಹಳ, ಸಣ್ಣ ಮೊಳೆ ಚುಚ್ಚಿದರೂ ಅಪಾಯ. ರಾತ್ರಿ ಕಾಲಿಗೆ ಹಗ್ಗ ಹಾಕಿ ಮೇಯಲು ಬಿಟ್ಟರೆ ನಸುಕಿನಲ್ಲಿ ಎದ್ದು ಹುಡುಕಿ ತರಬೇಕು. ಹೊರೆಯ ಬಗ್ಗೆಯೂ ಒಂದು ಮಾತು: 1965ರ ಸರಕಾರಿ ನಿಯಮದ ಪ್ರಕಾರ ತಟ್ಟುವಿನ ಮೇಲೆ 70 ಕಿಲೋಕ್ಕಿಂತ ಹೆಚ್ಚು ಹೇರುವಂತಿಲ್ಲ. ಒಂದು ಸಂಸಾರದ ಸಾಮಾನು ಅಷ್ಟರಲ್ಲಿ ಮುಗಿಯುವುದಿಲ್ಲ, ಹೀಗಾಗಿ ಎರಡು ಕುದುರೆ ಬೇಕು, ಎರಡನ್ನು ಹಿಡಿಯಲು ಎರಡು ಕೈ ಬೇಕು. ತಾಯಿಯದು ಒಂದು. ಇನ್ನೊಂದು ಕೈ ಯಾರದು?

ನಮ್ಮ ಐದನೇ ವರ್ಗದಲ್ಲಿ ಒಬ್ಬ ಹುಡುಗಿ ಇದ್ದಳು. ಚಳಿಗಾಲದಲ್ಲಿ ಕುದುರೆಗೆ ಕೂದಲು ದಟ್ಟವಾಗಿ ಬೆಳೆಯುವುದರಿಂದ ಅದು ಬಡಕಲಾದರೂ ಕಣ್ಣಿಗೆ ಕಾಣುವುದಿಲ್ಲ, ಪಕ್ಕೆಯ ಮೇಲೆ ಕೈಯಾಡಿಸಿ ನೋಡಬೇಕು ಎಂದು ನನಗೆ ಹೇಳಿಕೊಟ್ಟವಳು ಅವಳೇ. ಅವರ ಹೆಣ್ಣುಕುದುರೆ ವೈಶಾಖದಲ್ಲಿ ಗಬ್ಬಾಗಿತ್ತು. ಕುದುರೆಯ ಗರ್ಭ ಹನ್ನೊಂದು ತಿಂಗಳು. ಅವಳು ಬೆರಳು ಮಡಿಸಿ ಎಣಿಸಿದಳು: ಚೈತ್ರದಲ್ಲಿ ಈಯುತ್ತದೆ. ನಾನೂ ಎಣಿಸಿದೆ: ಚೈತ್ರ ಅಂದರೆ ಎಪ್ರಿಲ್, ಎಪ್ರಿಲ್ ಅಂದರೆ ವಾರ್ಷಿಕ ಪರೀಕ್ಷೆ. ದಿನ ತುಂಬಿದ ಕುದುರೆಯ ಮೇಲೆ ಹೊರೆ ಹೇರುವಂತಿಲ್ಲ, ಬರಿಬೆನ್ನಲ್ಲಿ ಮೆಲ್ಲಗೆ ನಡೆಸಬೇಕು, ಕುದುರೆ ಹೆಚ್ಚಾಗಿ ಈಯುವುದು ರಾತ್ರಿ ಹೊತ್ತಿನಲ್ಲಾದ್ದರಿಂದ ಪಕ್ಕದಲ್ಲಿ ಯಾರಾದರೂ ಮಲಗಬೇಕು. ಆ 'ಯಾರಾದರೂ' ಯಾರೆಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ, ಕೇಳುವ ಪ್ರಶ್ನೆಯೇ ಅದಾಗಿರಲಿಲ್ಲ.

ಇಂಥ ಸಂದರ್ಭದಲ್ಲಿ ನಮ್ಮ ಶಿಕ್ಷಕ ಬಳಗದಲ್ಲಿ, ಪಾಲಕರ ಸಭೆಯಲ್ಲಿ ಕೇಳಿಬರುವ ಮಾತು ಒಂದೇ: "ಕುದುರೆ ಮಾರ್ರಿ, ಹುಡುಗೀನ ಸಾಲೀಗಿ ಕಳಸ್ರಿ." ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಒಂದು ಸಲ ಅಂಥ ಸಭೆಯಲ್ಲಿ ಒಬ್ಬ ತಾಯಿ ಎದ್ದು, "ಕುದುರಿ ಮಾರಿದ್ರ ಮನಿ ಯಾರ ಹೊರಬೇಕ್ರಿ ಗುರುಗಳ, ನಾನs?" ಅಂತ ಕೇಳಿದಳು. ಯಾರಿಗೂ ಉತ್ತರ ಹೊಳೆಯಲಿಲ್ಲ. ಛೋಟಾ ಹಾಥಿ ಬಾಡಿಗೆ ಹಿಡಿಯಿರಿ ಅನ್ನಬಹುದು, ಕೆಲವರು ಹಿಡಿಯುತ್ತಾರೆ ಕೂಡ. ಆದರೆ ಎರಡು ಮೂರು ದಿನಕ್ಕೊಮ್ಮೆ ಹೊಲದಿಂದ ಹೊಲಕ್ಕೆ ಬಿಡಾರ ಬದಲಿಸುವವರು ಪ್ರತಿ ಸಲ ಬಾಡಿಗೆ ಎಲ್ಲಿಂದ ತರುತ್ತಾರೆ? ಕುದುರೆ ಹೊಲದ ಬದುವಿನ ಮೇಲೂ ನಡೆಯುತ್ತದೆ, ದಾರಿಯಲ್ಲೇ ಮೇಯುತ್ತದೆ. ಅದನ್ನು ಮಾರಿದ ಮನೆಯ ಹುಡುಗಿ ಶಾಲೆಗೆ ಬರುತ್ತಾಳೆ ಎಂಬುದಕ್ಕೂ ಖಾತ್ರಿ ಇಲ್ಲ. ತಲೆಯ ಮೇಲೆ ಗಂಟು ಹೊತ್ತು ತಾಯಿಯ ಹಿಂದೆ ನಡೆಯಬೇಕಾದೀತು.

ಇನ್ನೊಂದು ಬಗೆಯವರೂ ಇದ್ದಾರೆ. ಅವರಿಗೆ ಕುದುರೆ, ಕುರಿ, ಗುಡಾರ, ಬೆಳದಿಂಗಳು ಎಲ್ಲ ಚಂದ. 'ಬದುಕಿನ ಪಾಠಶಾಲೆ' ಅಂತೆಲ್ಲ ಬರೆಯುತ್ತಾರೆ. ಆ ಪಾಠಶಾಲೆಯಲ್ಲಿ ತಮ್ಮ ಮಕ್ಕಳನ್ನು ಸೇರಿಸಿದವರನ್ನು ನಾನು ಕಂಡಿಲ್ಲ!

ನನ್ನ ಅಭಿಪ್ರಾಯ ಇಷ್ಟು. ಕುದುರೆಗೂ ಶಾಲೆಗೂ ಜಗಳವಿಲ್ಲ. ಜಗಳ ಇರುವುದು ಕುದುರೆಯ ಚಳಿಗಾಲದ ಚಾಕರಿಯನ್ನೆಲ್ಲ ಹತ್ತು ಹನ್ನೊಂದು ವರ್ಷದ ಹುಡುಗಿಯ ಪಾಲಿಗೆ ಬಿಡುವ ರೂಢಿಯ ಜೊತೆ. ಬಿಡಾರ, ಕುದುರೆ ಹೆಂಗಸರ ಬಾಬತ್ತು, ಕುರಿ ಗಂಡಸರ ಬಾಬತ್ತು ಎಂಬ ಗೆರೆ ಎಂದೋ ಎಳೆದದ್ದು. ಅದೇ ಮನೆಯ ಹದಿನೆಂಟರ ಹುಡುಗ ಊರ ಜಾತ್ರೆಯಲ್ಲಿ ಇದೇ ಕುದುರೆ ಏರಿ ಓಡಿಸುತ್ತಾನೆ, ಶಿಳ್ಳೆ ಬೀಳುತ್ತವೆ. ಬೆಳಿಗ್ಗೆ ಅದರ ಲದ್ದಿ ಬಳಿಯುವಾಗ ಅವನು ಕಾಣುವುದಿಲ್ಲ. ಏರುವವನೇ ಮೇಯಿಸಲಿ ಅಂದರೆ ತಪ್ಪೇನು? ನಾಲ್ಕೈದು ಬಿಡಾರಗಳು ಕೂಡಿ ಹೋಗುವಾಗ ಕುದುರೆಗಳನ್ನು ಒಂದರ ಹಿಂದೆ ಒಂದು ಕಟ್ಟಿ ಇಬ್ಬರು ದೊಡ್ಡವರು ನಡೆಸಿದರೆ ಎಷ್ಟು ಹುಡುಗಿಯರ ಕೈ ಬಿಡುವಾಗುತ್ತದೆ! ಇದನ್ನು ನಾವು ಪಾಲಕರ ಎದುರು ಹೇಳಬೇಕು. ಪಂಚಾಯತಿಯಲ್ಲಿ, ಬೀರಪ್ಪನ ಗುಡಿಯ ಕಟ್ಟೆಯಲ್ಲಿ ಹಿರಿಯರ ಎದುರೂ ಹೇಳಬೇಕು. ತಾಯಂದಿರಿಗಷ್ಟೇ ಹೇಳಿದರೆ ಪ್ರಯೋಜನವಿಲ್ಲ, ಅವರ ಹೊರೆ ಅವರಿಗೇ ಸಾಕಾಗಿದೆ.

ಮನೆಯವರಿಗೆ ಹೇಳುವ ಮೊದಲು ನಮ್ಮ ಶಾಲೆಗಳ ಕಡೆಯಿಂದ ಆಗಬೇಕಾದ್ದೂ ಇದೆ. ವಲಸೆ ಹೋಗುವ ಮಗುವಿಗೆ 'ಶಿಕ್ಷಣ ಹಮೀ ಪತ್ರಕ' ಕೊಡುತ್ತೇವೆ. ಅದನ್ನು ತೋರಿಸಿ ಹೋದ ಊರಿನ ಶಾಲೆಯಲ್ಲಿ ಕೂಡಬಹುದು ಎಂಬುದು ಅದರ ಉದ್ದೇಶ. ಕಬ್ಬು ಕಡಿಯಲು ಹೋಗಿ ಒಂದೇ ಕಾರಖಾನೆಯ ಹತ್ತಿರ ತಿಂಗಳುಗಟ್ಟಲೆ ನಿಲ್ಲುವವರಿಗೆ ಅದು ಉಪಯೋಗ. ಮೂರು ದಿನಕ್ಕೊಂದು ಊರು ಬದಲಿಸುವ ಮಗುವಿಗೆ ಏನು ಉಪಯೋಗ? ಮೇಲಾಗಿ ಅಲ್ಲಿರುವುದು ಮರಾಠಿ ಶಾಲೆ. ನಮ್ಮ ಮಕ್ಕಳು ಮರಾಠಿಯನ್ನು ಒಂದು ವಿಷಯವಾಗಿ ಕಲಿಯುತ್ತಾರೆ ನಿಜ, ಆದರೆ ಗಣಿತ, ವಿಜ್ಞಾನವನ್ನು ಕನ್ನಡದಲ್ಲಿ ಕಲಿತ ಮಗು ನಡುವರ್ಷದಲ್ಲಿ ಅಲ್ಲಿ ಹೋಗಿ ಕುಳಿತರೆ ಮೂಗನಂತೆ ಕೂಡಬೇಕಾಗುತ್ತದೆ. ಹಂಗಾಮಿ ವಸತಿಗೃಹದ ವ್ಯವಸ್ಥೆಯೂ ಇದೆ. ನಾನು ಕಂಡ ಕಡೆ ಅದು ತೆರೆಯುವ ಹೊತ್ತಿಗೆ ಕುದುರೆಗಳು ಘಟ್ಟ ಇಳಿದಾಗಿತ್ತು. ದಸರೆಗೇ ತೆರೆಯಬೇಕು, ಕನ್ನಡ ಬಲ್ಲವರು ಇರಬೇಕು. ಹುಡುಗಿಯರನ್ನು ವಸತಿಗೃಹಕ್ಕೆ ಬಿಡಲು ಒಪ್ಪದ ಮನೆಗಳಿಗೆ, ಊರಲ್ಲಿ ಉಳಿಯುವ ಅಜ್ಜಿಯ ಹತ್ತಿರವೇ ಬಿಟ್ಟರೆ ಎರಡು ಹೊತ್ತಿನ ಊಟ ಶಾಲೆಯಿಂದ ಸಿಗುವಂತಾಗಬೇಕು. ಅಜ್ಜಿಗೆ ಕಾಯುವ ಶಕ್ತಿ ಇರುತ್ತದೆ, ಹೊತ್ತುಹೊತ್ತಿಗೆ ಬೇಯಿಸಿ ಹಾಕುವ ಶಕ್ತಿ ಇರುವುದಿಲ್ಲ. ಧನಗರ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ನಿವಾಸಿ ಶಾಲೆಗೆ ಸೇರಿಸುವ ಸರಕಾರಿ ಯೋಜನೆ ಇದೆ, ಒಳ್ಳೆಯದೇ. ಆದರೆ ಕನ್ನಡದಲ್ಲೇ ಕಲಿಯುತ್ತೇನೆ ಅನ್ನುವ ಮಗು ಎಲ್ಲಿ ಉಳಿಯಬೇಕು?

ಪರೀಕ್ಷೆಯ ಮಾತು ಈಗ ಮೊದಲಿನಂತಿಲ್ಲ. 2023-24ರಿಂದ ನಮ್ಮ ರಾಜ್ಯದಲ್ಲಿ ಐದು ಮತ್ತು ಎಂಟನೇ ವರ್ಗಕ್ಕೆ ವಾರ್ಷಿಕ ಪರೀಕ್ಷೆ ಪಾಸಾಗಲೇಬೇಕು, ಆಗದವರಿಗೆ ಪುನರ್ ಪರೀಕ್ಷೆ. ಅದರಲ್ಲೂ ಆಗದಿದ್ದರೆ ಅದೇ ವರ್ಗ. ಕುರಿಯವರು ಊರಿಗೆ ತಿರುಗಿ ಬರುವುದು ಮಳೆ ಹಿಡಿಯುವ ಮೊದಲು, ಹೆಚ್ಚುಕಡಿಮೆ ಅದೇ ಪುನರ್ ಪರೀಕ್ಷೆಯ ಹೊತ್ತಿಗೆ. ಎಪ್ರಿಲ್‌ನಲ್ಲಿ ಊರಲ್ಲೇ ಇಲ್ಲದ ಮಗುವಿಗೆ ಅದನ್ನೇ ಮೊದಲ ಪರೀಕ್ಷೆಯೆಂದು ಹಿಡಿದು, ಅದಕ್ಕೆ ಮೊದಲು ಹದಿನೈದು ದಿನ ಕೂಡಿಸಿ ಕಲಿಸಿದರೆ ಎಷ್ಟೋ ಮಕ್ಕಳು ಉಳಿಯುತ್ತಾರೆ. ಪುಸ್ತಕದ್ದೂ ಒಂದು ನೆನಪು. 2023ರಲ್ಲಿ ಬಾಲಭಾರತಿಯವರು ಪುಸ್ತಕಗಳನ್ನು ನಾಲ್ಕು ಭಾಗ ಮಾಡಿ ಖಾಲಿ ಹಾಳೆ ಸೇರಿಸಿ ಕೊಟ್ಟಿದ್ದರು. ಪಟ್ಟಣದವರು ಟೀಕೆ ಮಾಡಿದರು, 2025ರಲ್ಲಿ ಯೋಜನೆ ರದ್ದಾಯಿತು. ನನಗೆ ಮಾತ್ರ ಅದು ಕುದುರೆ ಮೇಲೆ ಹೋಗುವ ಮಗುವಿಗಾಗಿಯೇ ಮಾಡಿದಂತೆ ಕಂಡಿತ್ತು. ಒಂದೇ ತೆಳು ಪುಸ್ತಕ, ಬರೆಯಲು ಹಾಳೆ ಅದರಲ್ಲೇ. ಈಗಲೂ ದ್ವಿತೀಯ ಸತ್ರದ ಪಾಠಗಳನ್ನಷ್ಟೇ ಹೊಲಿದು ಒಂದು ಗಂಟು ಮಾಡಿ ಕೊಡಲು ನಮಗೆ ಯಾರ ಆದೇಶವೂ ಬೇಕಿಲ್ಲ. ಸಂಜೆ ಬಿಡಾರದಲ್ಲಿ ಫೋನು ಹತ್ತುತ್ತದೆ, ವಾರಕ್ಕೆರಡು ಸಲ ಓದಿಸಿ ಕೇಳಿಸಿಕೊಳ್ಳಬಹುದು.

ಇನ್ನೊಂದು ಸೂಚನೆ. ಹೊರಡುವ ಮೊದಲು ಕುರಿಗಳಿಗೆ ಪಿಪಿಆರ್ ಲಸಿಕೆ, ಜಂತಿನ ಔಷಧ ಹಾಕಿಸಲು ಎಲ್ಲರೂ ಒಂದು ಕಡೆ ಸೇರುತ್ತಾರೆ. ಪಶುವೈದ್ಯರಿಗೆ ಹೇಳಿ ಅದೇ ದಿನ ಕುದುರೆಗಳಿಗೂ ಧನುರ್ವಾಯುವಿನ ಲಸಿಕೆ ಹಾಕಿಸಬೇಕು, ನಾವೂ ಹಾಜರಿ ಪುಸ್ತಕ ಹಿಡಿದು ಅಲ್ಲೇ ಕೂಡಬೇಕು. ಎಷ್ಟು ಕುದುರೆ, ಯಾವುದು ಗಬ್ಬ, ಯಾವ ತಿಂಗಳು ಈಯುತ್ತದೆ, ಹಿಡಿಯುವವರು ಯಾರು ಎಂದು ಬರೆದುಕೊಂಡರೆ ಯಾವ ಹುಡುಗಿ ಯಾವಾಗ ತಪ್ಪಿಸುತ್ತಾಳೆಂಬುದು ನಾಲ್ಕು ತಿಂಗಳ ಮೊದಲೇ ಗೊತ್ತಾಗುತ್ತದೆ. ಆಗ ಮನೆಯವರ ಜೊತೆ ಮಾತಾಡಲು ಅವಕಾಶ ಇರುತ್ತದೆ. ನವೆಂಬರದಲ್ಲಿ ಬೀಗ ಹಾಕಿದ ಮನೆಯ ಮುಂದೆ ನಿಂತು 'ಶಾಲಾಬಾಹ್ಯ' ಅಂತ ಬರೆದುಕೊಂಡು ಬರುವುದು ಯಾರಿಗೆ ಬೇಕಾಗಿದೆ?

ಆ ಹುಡುಗಿಯ ವಿಷಯ ಕೇಳುವಿರಿ. ಆ ವರ್ಷ ಅವಳ ಸೋದರಮಾವ ಕುದುರೆ ಹಿಡಿಯಲು ಒಪ್ಪಿದ, ಅವಳು ಸಂಕ್ರಾಂತಿಯವರೆಗೆ ಅಜ್ಜಿಯ ಹತ್ತಿರ ಉಳಿದು ಶಾಲೆಗೆ ಬಂದಳು. ಆಮೇಲೆ ಅಜ್ಜಿಗೆ ಮೈಯಲ್ಲಿ ಹುಷಾರಿಲ್ಲದೆ ಅವಳೂ ಹೋದಳು. ಪುನರ್ ಪರೀಕ್ಷೆಗೆ ಕೂತು ಪಾಸಾದಳು. ಕುದುರೆ ಹೆಣ್ಣುಮರಿ ಹಾಕಿತು. ಈ ದೀಪಾವಳಿಗೆ ಮತ್ತೆ ಎರಡು ಕುದುರೆ, ಒಂದು ಮರಿ ಹೊರಡುತ್ತವೆ. ಮಾವ ಈ ಸಲ ಬರುತ್ತಾನೋ ಇಲ್ಲವೋ ಎಂದು ದಸರೆಯ ಒಳಗೆ ಅವರ ಮನೆಗೆ ಹೋಗಿ ಕೇಳಿಕೊಂಡು ಬರಬೇಕು.